ಷಿಯಾಮೆನ್ ಬೀದಿಯಿಂದ ಬಿಬವೇವಾಡಿ ಹೊಸ್ತಿಲಿಗೆ

ನಾನು ಯಾರ ತಂಟೆಗೂ ಹೋಗುವ ಮನುಷ್ಯನಲ್ಲ. ಪುಣೆಯ ಬಿಬವೇವಾಡಿಯ ಒಂದು ಗಲ್ಲಿಯಲ್ಲಿ ಛತ್ರಿ, ರೇನ್‌ಕೋಟು ಮಾರಿಕೊಂಡು, ಮಳೆ ಬಂದರೆ ನಕ್ಕು, ಬರದಿದ್ದರೆ ಆಕಾಶ ನೋಡಿಕೊಂಡು ಇರುವವನು. ಆದರೂ ನಗೆಪಾಟಲಿನ ಪ್ರಸಂಗಗಳು ನನ್ನ ಅಂಗಡಿಯ ವಿಳಾಸ ಕೇಳಿಕೊಂಡೇ ಬರುತ್ತವೆ. ಅಂಗಡಿಗೆ ಬೀಗ ಹಾಕಿ ಚೀನಾಕ್ಕೆ ಹೋದರೆ ಅಲ್ಲಿಗೂ ಬಂದವು. ಬರುವಾಗ ನನ್ನ ಜತೆಯೇ ವಿಮಾನ ಹತ್ತಿ ಪುಣೆಗೆ ವಾಪಸಾದವು. ಅದನ್ನೇ ಹೇಳುತ್ತೇನೆ.

ಹೊಸ್ತಿಲಿನ ತಕರಾರು

ನಮ್ಮ ಅಂಗಡಿಯ ಎದುರಿಗೆ ಸ್ಕೂಟರು, ಬೈಕುಗಳಿಗೆ ಸೀಟ್ ಕವರ್ ಹಾಕುವ ಅಂಗಡಿಯಿದೆ. ಅದರ ಮಾಲೀಕರು ಸೊಲ್ಲಾಪುರ ಕಡೆಯವರು. ಮನೆಯಲ್ಲಿ ಕನ್ನಡ, ಗಿರಾಕಿಗಳ ಜತೆ ಮರಾಠಿ, ಸಿಟ್ಟು ಬಂದರೆ ಎರಡೂ. ಅವರ ಅಂಗಡಿ ಎಷ್ಟು ಚಿಕ್ಕದೆಂದರೆ, ಒಳಗೆ ಅವರಿಗೂ ಸೀಟ್ ಕವರುಗಳಿಗೂ ಜಾಗವಿದೆ, ಗಾಡಿಗಿಲ್ಲ. ಹೀಗಾಗಿ ಅವರ ಗಿರಾಕಿಗಳ ಗಾಡಿಗಳೆಲ್ಲ ಬಂದು ನಿಲ್ಲುವುದು ನಮ್ಮ ಹೊಸ್ತಿಲಿನ ಮುಂದೆ. ಕವರು ಬಿಚ್ಚುವುದು, ಅಂಟು ಹಚ್ಚುವುದು, ಎಳೆದು ಹೊಲಿಯುವುದು, ಎಲ್ಲ ಅಲ್ಲೇ.

ನನ್ನ ಹೆಂಡತಿ ಬಾಗಲಕೋಟೆ ಕಡೆಯ ಹೆಣ್ಣುಮಗಳು. ಅಂಗಡಿ ಶುರುವಾದಾಗಿನಿಂದ ದುಡ್ಡಿನ ಗಲ್ಲೆಯ ಮೇಲೆ ಕೂರುವವಳೂ ಆಕೆಯೇ, ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವವಳೂ ಆಕೆಯೇ. ಎದುರಿನ ಅಂಗಡಿ ಬಂದ ಮೇಲೆ ರಂಗೋಲಿಗೆ ಕುತ್ತು ಬಂತು. ಒಂದು ದಿನ ದೊಡ್ಡ ಕಮಲ ಬರೆದು, ರಂಗೋಲಿ ಡಬ್ಬಿ ಒಳಗಿಟ್ಟು ಬರುವಷ್ಟರಲ್ಲಿ ಅದರ ಮೇಲೆ ಎರಡು ಸ್ಕೂಟರು ನಿಂತಿದ್ದವು. ಅವು ಹೊರಟಾಗ ಕಮಲದ ಎಸಳುಗಳು ಟೈರಿಗೆ ಅಂಟಿಕೊಂಡು ಗಲ್ಲಿಯ ತುದಿಯವರೆಗೆ ಹೋದವು. ಅಂದಿನಿಂದ ಡಬ್ಬಿ ರೇನ್‌ಕೋಟುಗಳ ಹಿಂದೆ ಸೇರಿತು. ಬೆಳಿಗ್ಗೆ ಬರೀ ನೀರು ಹಾಕಿ ಒಳಗೆ ಬರುವಾಗಿನ ಆಕೆಯ ಮುಖ ನನಗೆ ನೋಡಲು ಆಗುತ್ತಿರಲಿಲ್ಲ.

ಒಮ್ಮೆ ನಾನೇ ಹೋಗಿ ಕೇಳಿದೆ: "ಮಾಲಕರ, ಹಿಂಗ ಗಾಡಿ ಹಚ್ಚಿದ್ರ ನಮ್ಮ ಗಿರಾಕಿ ಒಳಗ ಹೆಂಗ ಬರಬೇಕ್ರಿ?"

"ಛತ್ರಿ ಬೇಕಾದವರು ಹೆಂಗರೆ ಬರ್ತಾರ್ರಿ. ಗಾಡಿ ದಾಟಿ ಬರ್ತಾರ."

ಮರುದಿನವೇ ನಮ್ಮ ಗಿರಾಕಿಯೊಬ್ಬರು ದಾಟಿ ಬರಲು ಕಾಲೆತ್ತಿದರು. ಅರ್ಧಕ್ಕೆ ಆಯ ತಪ್ಪಿ ಸ್ಕೂಟರಿನ ಮೇಲೇ ಕೂತರು. ಕೂತವರು ಒಂದು ಸಲ ಮೇಲೆ ಕೆಳಗೆ ಆಡಿ ನೋಡಿ, "ಸೀಟು ಭಾಳ ಮೆತ್ತಗ ಅದಲ್ರೀ! ಎಲ್ಲಿ ಹಾಕಿಸ್ಯಾರ?" ಎಂದು ಕೇಳಿದರು. ಹಾಗೇ ಇಳಿದು ಎದುರಿನ ಅಂಗಡಿಗೆ ಹೋದರು.

ಕೈ ತೋರಿಸಿದ್ದು

ಛತ್ರಿಯ ಊರೆಂದರೆ ಚೀನಾದ ಸಮುದ್ರ ತೀರದ ಷಿಯಾಮೆನ್ ಕಡೆ ಎಂದು ಕೇಳಿದ್ದೆ. ಮಳೆಗಾಲಕ್ಕೆ ಮುಂಚೆ ಒಂದು ಸಲ ಕಾರ್ಖಾನೆ ನೋಡಿ ಬರೋಣವೆಂದು ನಾವಿಬ್ಬರೂ ಹೊರಟೆವು. ಟಿಕೆಟ್ ಮಾಡಿಸುವವನು, "ಮೂರು ಮಂದಿ ಆದ್ರ ಅಗ್ಗ ಆಗ್ತದ್ರಿ, ನಿಮ್ಮ ಗಲ್ಲಿಯವರೇ ಒಬ್ಬರು ರೆಕ್ಸಿನ್ ನೋಡಾಕ ಅದೇ ಊರಿಗೆ ಹೊಂಟಾರ" ಎಂದ. ಯಾರೆಂದು ವಿಮಾನ ನಿಲ್ದಾಣದಲ್ಲಿ ಗೊತ್ತಾಯಿತು. ಸೀಟ್ ಕವರ್ ಮಾಲೀಕರು ನಗುತ್ತ ಕೈ ಬೀಸುತ್ತಿದ್ದರು. ವಿಮಾನದಲ್ಲಿ ನನ್ನ ಸೀಟನ್ನೂ ಒತ್ತಿ ನೋಡಿ, "ಫೋಮು ಬರೋಬ್ಬರಿ ಇಲ್ಲ" ಎಂದರು.

ಷಿಯಾಮೆನ್ ಮುಟ್ಟಿದ ಸಂಜೆ ಛತ್ರಿ ಕಾರ್ಖಾನೆಯ ಹುಡುಗಿಯೊಬ್ಬಳು ನಮ್ಮನ್ನು ಊರಿನ ಹಳೆಯ ಪೇಟೆ ಬೀದಿಗೆ ಕರೆದುಕೊಂಡು ಹೋದಳು. ಆಕೆಗೆ ಇಂಗ್ಲಿಷ್ ಬರುತ್ತಿತ್ತು, ಬಾರದಿದ್ದಕ್ಕೆ ಮೊಬೈಲಿತ್ತು. ಬೀದಿಯ ಎರಡೂ ಕಡೆ ಗುಲಾಬಿ, ಬಿಳಿ ಬಣ್ಣದ ಹಳೆಯ ಕಟ್ಟಡಗಳು. ಮೇಲಿನ ಮಹಡಿ ಮುಂದೆ ಚಾಚಿ ಕಂಬಗಳ ಮೇಲೆ ನಿಂತಿದೆ, ಕೆಳಗೆ ಉದ್ದಕ್ಕೂ ನೆರಳಿನ ದಾರಿ. ಬಿಸಿಲು ಬೀಳುವುದಿಲ್ಲ, ಮಳೆ ತಾಗುವುದಿಲ್ಲ. ಛತ್ರಿ ವ್ಯಾಪಾರಿಯಾದ ನನಗೆ ಈ ಏರ್ಪಾಡು ಸ್ವಲ್ಪವೂ ಸರಿಬರಲಿಲ್ಲ. ಬೀದಿಯ ಕೊನೆಗೆ ಸಮುದ್ರ. ನಡುವೆ ನುಣುಪಾದ ಕಲ್ಲುಹಾಸು, ಅದರ ಮೇಲೆ ಜನವೋ ಜನ. ಗಾಡಿ ಒಂದೂ ಇಲ್ಲ.

ಒಂದೂ ಗಾಡಿಯಿಲ್ಲದ ರಸ್ತೆಯಲ್ಲಿ ಹೇಗೆ ನಡೆಯಬೇಕೆಂದು ಪುಣೆಯವರಾದ ನಮಗೆ ತಿಳಿಯಲಿಲ್ಲ. ಅಷ್ಟು ಅಗಲದ ಬೀದಿ ಬಿಟ್ಟು ಮೂವರೂ ಗೋಡೆಗೆ ಆತುಕೊಂಡು, ಒಬ್ಬರ ಹಿಂದೆ ಒಬ್ಬರು ಹೊರಟೆವು. ಮಾಲೀಕರು ನಾಲ್ಕು ಹೆಜ್ಜೆಗೊಮ್ಮೆ ಹಿಂದಕ್ಕೆ ತಿರುಗಿ ನೋಡುತ್ತಿದ್ದರು. ಕೂಸಿನ ಗಾಡಿ ತಳ್ಳಿಕೊಂಡು ಒಬ್ಬ ತಾಯಿ ಬಂದಾಗ, "ಬಾಜೂ, ಬಾಜೂ!" ಎಂದು ಕೂಗಿ ನನ್ನನ್ನು ಎಳೆದುಕೊಂಡು ಕಂಬದ ಹಿಂದೆ ಸರಿದರು. ಕೂಸು ನಮ್ಮನ್ನು ನೋಡಿ ನಕ್ಕಿತು.

ಮುಂದೆ ಬಲಗಡೆ ಚೀಲದ ಅಂಗಡಿಯೊಂದು ಕಂಡಿತು. ರೆಕ್ಸಿನ್ ನೋಡಬೇಕೆಂದು ಮಾಲೀಕರು ಆ ಕಡೆ ತಿರುಗಿದರು. ತಿರುಗುವ ಮುಂಚೆ ಬಲಗೈ ಪೂರಾ ಚಾಚಿ ಹಿಂದಿನವರಿಗೆ ತೋರಿಸಿದರು. ಇಷ್ಟು ವರ್ಷ ಪುಣೆಯಲ್ಲಿ ಅವರ ಸ್ಕೂಟರಿನ ಹಿಂದೆ ಹೋಗಿದ್ದೇನೆ, ಗಾಡಿಯ ಮೇಲೆ ಅವರು ಕೈ ತೋರಿಸಿದ್ದನ್ನು ಒಂದು ಸಲವೂ ನೋಡಿಲ್ಲ.

ಬಿಸಿನೀರಿನ ಉಪಚಾರ

ಹಸಿವಾಯಿತು. ಮೂವರೂ ಪಕ್ಕಾ ಶಾಕಾಹಾರಿಗಳು. ಆ ಬೀದಿಯಲ್ಲಿ ಸಮುದ್ರದಲ್ಲಿ ಏನೇನು ಈಜುತ್ತದೋ ಅದೆಲ್ಲ ತಟ್ಟೆಯಲ್ಲಿತ್ತು. ಪಾರದರ್ಶಕ ಹಲ್ವಾದಂಥದ್ದು ಕಂಡು ನನ್ನ ಹೆಂಡತಿ ಖುಷಿಯಿಂದ ಹತ್ತಿರ ಹೋದಳು. ಒಳಗೆ ಹುಳು ಮಲಗಿತ್ತು. ಹೋದಷ್ಟೇ ಬೇಗ ವಾಪಸು ಬಂದಳು.

"ನೀವಿಬ್ಬರೂ ಸುಮ್ಮಕಿರ್ರಿ, ನಾ ಮಾತಾಡ್ತೀನಿ" ಎಂದು ಮಾಲೀಕರು ಒಂದು ಚಿಕ್ಕ ಹೋಟೆಲಿಗೆ ನುಗ್ಗಿ, ಕಾರ್ಖಾನೆಯ ಹುಡುಗಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹೇಳತೊಡಗಿದರು. ಮಾಂಸ ಬೇಡ. ಹುಡುಗಿ ಹೇಳಿದಳು. ಮೀನು ಬೇಡ. ಹೇಳಿದಳು. ಮೊಟ್ಟೆ ಬೇಡ. ಮೀನಿನ ಸಾಸು ಬೇಡ. ಮಾಂಸ ಬೇಯಿಸಿದ ಬಾಣಲೆ ಬೇಡ. ಅದೇ ಎಣ್ಣೆಯೂ ಬೇಡ. ಅಂದು ಸೋಮವಾರವಾದ್ದರಿಂದ ಉಳ್ಳಾಗಡ್ಡಿಯೂ ಬೇಡ. ಹೋಟೆಲಿನ ಅಜ್ಜಿ ಎಲ್ಲವನ್ನೂ ಗಮನವಿಟ್ಟು ಕೇಳಿ, ತಲೆಯಾಡಿಸಿ ಒಳಗೆ ಹೋದಳು.

"ನೋಡಿದ್ರೇನು? ಸರಿಯಾಗಿ ಹೇಳಿದ್ರ ಯಾರಿಗರೆ ತಿಳೀತದ" ಎಂದರು ಮಾಲೀಕರು.

ಅಜ್ಜಿ ಮೂರು ದೊಡ್ಡ ಲೋಟ ಬಿಸಿನೀರು ತಂದಿಟ್ಟಳು. ಹೇಳಿದ್ದೆಲ್ಲ ಬಿಟ್ಟರೆ ಅಡುಗೆಮನೆಯಲ್ಲಿ ಉಳಿದದ್ದು ಅದೇ ಎಂದು ಹುಡುಗಿ ಅನುವಾದ ಮಾಡಿದಳು.

ಆ ಮೇಲೆ ಹುಡುಗಿಯೇ ನಮ್ಮನ್ನು ಇನ್ನೊಂದು ಅಂಗಡಿಗೆ ಕರೆದುಕೊಂಡು ಹೋದಳು. ಅಲ್ಲಿ ಶೇಂಗಾ ಬೆಣ್ಣೆಯಂತಾಗುವವರೆಗೆ ಬೇಯಿಸಿದ ಸಿಹಿ ಪಾಯಸ ಸಿಕ್ಕಿತು. ಎರಡೆರಡು ಬಟ್ಟಲು ಕುಡಿದೆವು. ಹೆಂಡತಿ ಕಣ್ಣು ಮುಚ್ಚಿ, "ಒಂದೀಟು ಯಾಲಕ್ಕಿ ಬೇಕಾಗಿತ್ತು ನೋಡ್ರಿ" ಎಂದಳು. ಪರದೇಶದಲ್ಲಿ ಆಕೆ ಕೊಟ್ಟ ಅತಿ ದೊಡ್ಡ ಸರ್ಟಿಫಿಕೇಟು ಅದು.

ನೀರಿನ ಕಮಲ

ಸಮುದ್ರದ ಹತ್ತಿರ ಬೀದಿ ಅಗಲವಾಗುತ್ತದೆ. ಅಲ್ಲಿ ಒಬ್ಬ ಮುದುಕರು ಮೊಳಕಾಲೆತ್ತರದ ಕುಂಚವನ್ನು ಬಕೆಟ್ಟಿನಲ್ಲಿ ಅದ್ದಿ ಕಲ್ಲುಹಾಸಿನ ಮೇಲೆ ಬರೀ ನೀರಿನಿಂದ ಬರೆಯುತ್ತಿದ್ದರು. ಅಕ್ಷರಗಳು ಒಂದೊಂದೂ ಅಳತೆ ಹಿಡಿದು ಕಟ್ಟಿದ ಮನೆಯಷ್ಟು ಅಚ್ಚುಕಟ್ಟು. ಸಾಲು ಮುಗಿಯುವ ಹೊತ್ತಿಗೆ ಮೊದಲಿನ ಅಕ್ಷರ ಆರಿರುತ್ತಿತ್ತು. ದಿನಾ ಸಂಜೆ ಬರೆಯುತ್ತಾರೆ, ಮೈಗೆ ವ್ಯಾಯಾಮ, ಮನಸ್ಸಿಗೆ ಸಮಾಧಾನ ಎಂದಳು ಹುಡುಗಿ.

ನನ್ನ ಹೆಂಡತಿ ಅಲ್ಲಿಂದ ಕದಲಲಿಲ್ಲ. ಆಕೆ ಅಕ್ಷರ ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದಳು. ಗುಡಿಸಿದ, ಖಾಲಿಯಾದ, ಯಾರೂ ಗಾಡಿ ತಂದು ನಿಲ್ಲಿಸದ ನೆಲ. ಆಕೆಯ ಬಲಗೈಯ ಬೆರಳುಗಳು ತಾವಾಗಿಯೇ ಕೂಡಿಕೊಂಡು ಗಾಳಿಯಲ್ಲಿ ಚುಕ್ಕಿ ಇಡುತ್ತಿದ್ದವು. ಮುದುಕರು ಅದನ್ನು ನೋಡಿದರು. ಏನು ಅರ್ಥವಾಯಿತೋ, ಕುಂಚವನ್ನು ಎರಡೂ ಕೈಯಿಂದ ಆಕೆಯ ಮುಂದೆ ಹಿಡಿದರು.

ಆಕೆ ಸೆರಗು ಸಿಕ್ಕಿಸಿದಳು. ಕುಂಚ ಬೇಡವೆಂದು ಬಕೆಟ್ಟಿಗೇ ಕೈ ಹಾಕಿ, ಚುಕ್ಕಿ ಇಟ್ಟು, ಬಳ್ಳಿ ಎಳೆಯತೊಡಗಿದಳು. ಜನ ಸುತ್ತಲೂ ನಿಂತರು. ಆದರೆ ಈ ಕಡೆ ಎಸಳು ಕೂಡಿಸುವಷ್ಟರಲ್ಲಿ ಆ ಕಡೆಯ ಎಸಳು ಆರುತ್ತಿತ್ತು. ಆಕೆ ಓಡಿ ಹೋಗಿ ಅದನ್ನು ತಿದ್ದಿದರೆ ಇದು ಆರುತ್ತಿತ್ತು. ಕೊನೆಗೆ ಮುದುಕರು ಬಕೆಟ್ಟು ಹಿಡಿದು ಆಕೆಯ ಹಿಂದೆ ಓಡತೊಡಗಿದರು. ಒಂದು ಕ್ಷಣ, ಒಂದೇ ಕ್ಷಣ, ಇಡೀ ಕಮಲ ನೆಲದ ಮೇಲೆ ಮಿನುಗಿತು. ಜನ ಚಪ್ಪಾಳೆ ತಟ್ಟಿದರು, ನೂರು ಮೊಬೈಲು ಮೇಲೆದ್ದವು. ನನಗೆ ಎದೆ ತುಂಬಿ ಬಂತು. ಯಾರಿಗೋ, "ನಮ್ಮ ಮನೆಯವರು" ಎಂದು ಕನ್ನಡದಲ್ಲೇ ಹೇಳಿದೆ.

ಕಮಲ ಆರಿಹೋದ ಮೇಲೂ ಆಕೆ ನೆಲ ನೋಡುತ್ತಲೇ ಇದ್ದಳು. "ನಮ್ಮ ಗಲ್ಲ್ಯಾಗೂ ಒಂದ ಸಂಜಿಗರೆ ಹಿಂಗ ಗಾಡಿ ಬಂದ್ ಆದ್ರ..." ಎಂದಳು.

ಮಾಲೀಕರು ಹೊಟ್ಟೆ ಹಿಡಿದುಕೊಂಡು ನಕ್ಕರು. "ವೈನಿ, ಪುಣೇಕರ್ ಹಾಸಿಗಿಂದ ಬಚ್ಚಲಕ್ಕ ಹೋಗಾಕೂ ಗಾಡಿ ಚಾಲೂ ಮಾಡ್ತಾನ್ರಿ. ಗಾಡಿ ಬಂದ್ ಮಾಡಿದ್ರ ನಿಮ್ಮ ಅಂಗಡಿಗೆ ನೊಣಾನೂ ಬರೂದಿಲ್ಲ!"

ಆಕೆಯ ಮುಖ ಸಣ್ಣದಾಯಿತು. ನನಗೆ ಪಿತ್ತ ನೆತ್ತಿಗೇರಿತು. "ಬರ್ತಾರ್ರಿ! ಒಂದ ಶನಿವಾರ ಸಂಜಿ ಮಾಡಿ ತೋರಸ್ತೀನಿ. ಜನಾ ಬಂದು ಗಲ್ಲಿ ತುಂಬಿದ್ರ ನಮ್ಮ ಹೊಸ್ತಿಲ ಮುಂದ ನಿಮ್ಮ ಒಂದ ಗಾಡೀನೂ ನಿಂದರಬಾರದು."

"ತುಂಬದಿದ್ರ?"

"ತುಂಬದಿದ್ರ ಹೊಸ್ತಿಲು ನಿಮ್ಮದ! ನಾವು ಹೂಂ ಅನ್ನೂದಿಲ್ಲ, ಉಹೂಂ ಅನ್ನೂದಿಲ್ಲ."

ಅವರು ತಕ್ಷಣ ಕೈ ಮುಂದೆ ಮಾಡಿದರು. ಕೈ ಕುಲುಕಿದ ಮೇಲೆ ಹೆಂಡತಿಯ ಕಡೆ ನೋಡಿದೆ. ನೋಡಬಾರದಿತ್ತು. ಷಿಯಾಮೆನ್‌ನಿಂದ ಪುಣೆಯವರೆಗೆ ಆಕೆ ಆಡಿದ್ದು ಒಂದೇ ಮಾತು. ವಿಮಾನದಲ್ಲಿ ಊಟ ಕೊಡುವ ಹುಡುಗಿ ಬಂದಾಗ ನನ್ನ ಕಡೆ ಬೆರಳು ಮಾಡಿ, "ಇವರಿಗೆ ಬಿಸಿನೀರು ಕೊಡ್ರಿ" ಎಂದಳು.

ಎರಡು ಗಂಟೆಯ ಸಭೆ

ಗಲ್ಲಿಯ ವ್ಯಾಪಾರಿಗಳ ಒಪ್ಪಿಗೆ ಬೇಕಿತ್ತು. ಉತ್ಸಾಹದಲ್ಲಿ ಮಧ್ಯಾಹ್ನ ಎರಡಕ್ಕೆ ಸಭೆ ಕರೆದೆ. ಪುಣೆಯಲ್ಲಿ ಹುಟ್ಟಿ ಬೆಳೆದವನು ಮಾಡುವ ತಪ್ಪಲ್ಲ ಇದು. ಒಂದರಿಂದ ನಾಲ್ಕರವರೆಗೆ ಇಲ್ಲಿ ಅಂಗಡಿಯ ಬಾಗಿಲು ಅರ್ಧ ಇಳಿದಿರುತ್ತದೆ, ಮಾಲೀಕರ ಕಣ್ಣು ಪೂರಾ ಇಳಿದಿರುತ್ತದೆ. ಆ ಹೊತ್ತಿನಲ್ಲಿ ನಮ್ಮ ಗಲ್ಲಿ ಷಿಯಾಮೆನ್‌ಗಿಂತ ಮೇಲು, ನಾಯಿಯೊಂದೇ ನಡೆದಾಡುತ್ತದೆ.

ಎಂಟು ಜನ ಬಂದರು. ಬಂದವರು ಗೋಡೆಗೆ ಒರಗಿದರು. ನಾನು ಚೀನಾದ ಕಂಬಗಳಿಂದ ಹಿಡಿದು ಸಮುದ್ರದವರೆಗೆ ವರ್ಣಿಸಿ, ಮುಂದಿನ ಶನಿವಾರ ಸಂಜೆ ಆರರಿಂದ ಒಂಬತ್ತು ಗಾಡಿ ಬಂದ್, ಪೊಲೀಸ್ ಚೌಕಿಯ ಸಾಹೇಬರು ಒಂದು ದಿನಕ್ಕೆ ಹೂಂ ಅಂದಿದ್ದಾರೆ, ವಿರೋಧವಿದ್ದವರು ಕೈ ಎತ್ತಿರಿ ಎಂದೆ. ಒಂದು ಕೈಯೂ ಏಳಲಿಲ್ಲ. ಕೈ ಎತ್ತಬೇಕೆಂದೇ ಬಂದಿದ್ದ ಸೀಟ್ ಕವರ್ ಮಾಲೀಕರು ಎಲ್ಲರಿಗಿಂತ ಜೋರಾಗಿ ಗೊರಕೆ ಹೊಡೆಯುತ್ತಿದ್ದರು. ಸರ್ವಾನುಮತದಿಂದ ಪಾಸಾಯಿತು.

ಅಜ್ಜಿಯ ಕೈಚೀಲ

ಶನಿವಾರ ಬಂತು. ಗಲ್ಲಿಯ ಬಾಯಿಗೆ ಬಿದಿರು ಕಟ್ಟಿ, ನಾನೇ ಮರಾಠಿಯಲ್ಲಿ ಬರೆಸಿದ ಪಾಟಿ, ಅಂದರೆ ಬೋರ್ಡು, ತೂಗುಹಾಕಿದೆವು. ಪುಣೆಯಲ್ಲಿ ಪಾಟಿ ಎಂದರೆ ಸ್ವಲ್ಪ ಖಾರವಿರಬೇಕು. "ಇಂದು ಇಲ್ಲಿ ಗಾಡಿ ಓಡಿಸಬಾರದು. ದೇವರು ಕೊಟ್ಟ ಕಾಲು ತುಕ್ಕು ಹಿಡಿದಿಲ್ಲವಷ್ಟೇ?" ಪಕ್ಕಕ್ಕೆ ಒಬ್ಬ ಹವಾಲ್ದಾರರು ಸೀಟಿ ಹಿಡಿದು ನಿಂತರು.

ಆರು ಹೊಡೆಯಿತು. ಗಲ್ಲಿ ಖಾಲಿ. ಆರೂವರೆ. ಖಾಲಿ. ಜನ ಗಾಡಿಯ ಮೇಲೆ ಬರುವುದು, ಪಾಟಿ ಓದುವುದು, ಅಕ್ಷರ ಚೆನ್ನಾಗಿದೆ ಎನ್ನುವುದು, ತಿರುಗಿ ಹೋಗುವುದು. ಎಲ್ಲ ಅಂಗಡಿಯವರೂ ಬಾಗಿಲಿಗೆ ಬಂದು ನನ್ನನ್ನೇ ನೋಡುತ್ತಿದ್ದರು. ಎದುರಿನ ಮಾಲೀಕರು ಶಿಳ್ಳೆ ಹಾಕುತ್ತ ಬಂದು, ಟೇಪು ತೆಗೆದು ನಮ್ಮ ಹೊಸ್ತಿಲಿನ ಮುಂದಿನ ಜಾಗ ಅಳೆಯತೊಡಗಿದರು.

"ಐದು ಗಾಡಿ ಆರಾಮ ನಿಂದರತಾವ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಹೆಂಡತಿ ಗಲ್ಲೆಯಿಂದ ಎದ್ದು ಒಳಗೆ ಹೋದಳು. ರೇನ್‌ಕೋಟುಗಳ ಹಿಂದೆ ಆಕೆ ನಿಂತಿರುವುದು ಕಾಣುತ್ತಿತ್ತು. ಹತ್ತಿರ ಹೋಗುವ ಧೈರ್ಯ ನನಗಾಗಲಿಲ್ಲ. ಸಮುದ್ರದ ದಂಡೆಯಲ್ಲಿ ನಾನು ಆಡಿದ ಮಾತು ನನಗೇ ಕೇಳಿಸಿದಂತಾಗಿ ಕಿವಿ ಬಿಸಿಯಾಯಿತು.

ಅಷ್ಟರಲ್ಲಿ ಸೀಟಿ ಕೇಳಿಸಿತು. ಓಡಿದೆ. ಒಂಬತ್ತುಗಜ ಸೀರೆಯ ಪುಣೆಯ ಅಜ್ಜಿಯೊಬ್ಬರು ಇಂಜಿನ್ ಬಂದ್ ಮಾಡಿ, ಸ್ಕೂಟರಿನಿಂದ ಇಳಿದು, ಅದನ್ನು ತಳ್ಳಿಕೊಂಡು ಬಿದಿರು ದಾಟಿ ಒಳಗೆ ಬರುತ್ತಿದ್ದರು. ಹವಾಲ್ದಾರರು ಅಡ್ಡ ನಿಂತು, ಗಾಡಿ ಒಳಗೆ ಬಿಡುವುದಿಲ್ಲ ಎಂದರು.

ಅಜ್ಜಿ ಕನ್ನಡಕ ಸರಿಮಾಡಿಕೊಂಡರು. "ಮೀ ಚಾಲ್ತೇ ಆಹೇ ನಾ?" ನಾನು ನಡೆಯುತ್ತಿದ್ದೇನೆ ತಾನೆ?

"ಹೋ, ಪಣ ಗಾಡೀ..." ಹೌದು, ಆದರೆ ಗಾಡಿ ಎಂದು ಹವಾಲ್ದಾರರು ರಾಗ ಎಳೆದರು.

"ಹೀ ಮಾಝೀ ಪಿಶವೀ ಸಮಜಾ!" ಇದನ್ನು ನನ್ನ ಕೈಚೀಲ ಅಂದುಕೊಳ್ಳಪ್ಪ ಎಂದು ಹೇಳಿ, ನಡೆಯುವವರಿಗೆ ದಂಡ ಹಾಕುವ ಕಾನೂನು ಇದ್ದರೆ ತೋರಿಸು, ಓದಿ ಹೋಗುತ್ತೇನೆ ಎಂದರು. ಹವಾಲ್ದಾರರು ಪಾಟಿ ನೋಡಿದರು. ಅಜ್ಜಿಯನ್ನು ನೋಡಿದರು. ಮೂವತ್ತು ವರ್ಷ ಪುಣೆಯಲ್ಲಿ ನೌಕರಿ ಮಾಡಿದ ಅನುಭವದಿಂದ ಪಕ್ಕಕ್ಕೆ ಸರಿದರು.

ತಿರುಗಿ ಹೋಗಲೆಂದು ನಿಂತಿದ್ದವರೆಲ್ಲ ಇದನ್ನು ನೋಡಿದರು. ಒಂದೊಂದೇ ಇಂಜಿನ್ನು ಬಂದಾಯಿತು. ಹತ್ತು ನಿಮಿಷದಲ್ಲಿ ಬಿಬವೇವಾಡಿಗೆ ಬಿಬವೇವಾಡಿಯೇ ಗಾಡಿ ತಳ್ಳಿಕೊಂಡು ನಮ್ಮ ಗಲ್ಲಿಗೆ ನುಗ್ಗಿತು. ಪಕ್ಕದ ಧನಕವಡಿಯಿಂದ ಬಂದವರು ಮೈಲುದೂರದಿಂದಲೇ ತಳ್ಳಿಕೊಂಡು ಬಂದಂತೆ ಉಬ್ಬಸ ಪಡುತ್ತಿದ್ದರು. ಹಾರ್ನಿಲ್ಲ, ಹೊಗೆಯಿಲ್ಲ. ಗಾಡಿ ಭಾರ, ಹಾಗಾಗಿ ಎರಡು ಅಂಗಡಿ ದಾಟಿದರೆ ಯಾರಿಗಾದರೂ ದಣಿವಾಗುತ್ತದೆ. ದಣಿದವರು ಸ್ಟ್ಯಾಂಡ್ ಹಾಕುತ್ತಾರೆ. ಸ್ಟ್ಯಾಂಡ್ ಹಾಕಿದವರು ಅಂಗಡಿ ನೋಡುತ್ತಾರೆ. ಕೊಂಡದ್ದನ್ನು ಹ್ಯಾಂಡಲಿಗೆ ತೂಗುಹಾಕಿ ಮತ್ತೆ ತಳ್ಳುತ್ತಾರೆ. ಕೈಚೀಲ ಅಂದದ್ದು ಸುಳ್ಳೇನಲ್ಲ. ಆ ಅಜ್ಜಿಯ ಸ್ಕೂಟರಿನಲ್ಲಿ ಕುಕ್ಕರು, ಎರಡು ಕೊಡ, ನಮ್ಮ ಅಂಗಡಿಯ ಮೂರು ಛತ್ರಿ ತೂಗಾಡುತ್ತಿದ್ದವು.

ಆದರೆ ಎಲ್ಲಕ್ಕಿಂತ ದೊಡ್ಡ ಗದ್ದಲ ಎದುರಿನ ಅಂಗಡಿಯಲ್ಲಿತ್ತು. ಗಾಡಿಯ ಮೇಲೆ ಕೂತವರಿಗೆ ತಮ್ಮ ಸೀಟು ಎಂದೂ ಕಾಣುವುದಿಲ್ಲ. ತಳ್ಳಿಕೊಂಡು ಬರುವವರಿಗೆ ಅದು ಹೊಟ್ಟೆಯ ಪಕ್ಕದಲ್ಲೇ ಇರುತ್ತದೆ. ಹರಿದ ರೆಕ್ಸಿನ್ನು, ಹೊರಗೆ ಬಂದ ಹತ್ತಿ, ಬೆಕ್ಕು ಕೆರೆದ ಗುರುತು, ಎಲ್ಲ ಅಂದು ಮೊದಲ ಸಲ ಜನರ ಕಣ್ಣಿಗೆ ಬಿತ್ತು. "ಅಯ್ಯೋ, ಇದರ ಮೇಲೆ ಕೂಡ್ತಿದ್ದೆನಾ ನಾನು!" ಎಂದು ಒಬ್ಬರು ಗಾಬರಿಯಾದರು. ಮಾಲೀಕರ ಕೈಯಲ್ಲಿದ್ದ ಟೇಪು ಈಗ ಸೀಟುಗಳನ್ನು ಅಳೆಯುತ್ತಿತ್ತು. ಮೈಯೆಲ್ಲ ಅಂಟು, ಕೂದಲಿಗೆ ಹತ್ತಿ. ಎಂಟೂವರೆಗೆ ಅಂಗಡಿಯಲ್ಲಿದ್ದ ಕವರೆಲ್ಲ ಖಾಲಿ.

ತಿರುಗಿ ನೋಡಿದರೆ ನನ್ನ ಹೆಂಡತಿ ಹೊಸ್ತಿಲಿನ ಮುಂದೆ ಕೂತಿದ್ದಳು. ಪಕ್ಕದಲ್ಲಿ ಹಳೆಯ ಡಬ್ಬಿ. ಅಷ್ಟು ಜನದ ನಡುವೆ ಯಾರ ಕಡೆಗೂ ನೋಡದೆ ಕಮಲ ಬರೆಯುತ್ತಿದ್ದಳು, ಷಿಯಾಮೆನ್‌ನಲ್ಲಿ ಬರೆದದ್ದೇ ಕಮಲ. ತಳ್ಳುವ ಗಾಡಿಗಳು ತಾವಾಗಿಯೇ ಬಳಸಿ ಹೋಗುತ್ತಿದ್ದವು. ಕೊನೆಯ ಎಸಳು ಕೂಡಿಸಿ ಎದ್ದು, ನನ್ನನ್ನು ನೋಡಿ, "ಈ ಸಲ ಆರೂದಿಲ್ಲ ನೋಡ್ರಿ" ಎಂದಳು. ಚೀನಾದಿಂದ ಬಂದ ಮೇಲೆ ನನ್ನ ಜತೆ ಆಡಿದ ಮೊದಲ ಪ್ರೀತಿಯ ಮಾತು. ನಾನು ಗೆದ್ದೆ. ಗೆದ್ದದ್ದನ್ನು ಗೆದ್ದೆ ಅನ್ನಲು ನನಗೆ ಸಂಕೋಚವಿಲ್ಲ.

ಒಂಬತ್ತಕ್ಕೆ ಬಿದಿರು ತೆಗೆದರು. ಮಾಲೀಕರು ಅಂಗಡಿ ಬಾಗಿಲು ಎಳೆದು ಹತ್ತಿರ ಬಂದರು. ಸೋತೆ ಅನ್ನುತ್ತಾರೆ ಎಂದು ಕಾದೆ. "ಮುಂದಿನ ಶನಿವಾರಕ್ಕ ಒಂದ ಹೊಸಾ ಪಾಟಿ ಬರಸ್ರಿ" ಎಂದರು. "ನಡೀತೀವಂತ ಬರೀ ಕೈಲೆ ಬರಬ್ಯಾಡ್ರಿ, ಗಾಡಿ ತಳ್ಳಿಕೊಂಡ ಬರ್ರಿ ಅಂತ!"

ನಂತರ ಮೂಲೆಯಲ್ಲಿದ್ದ ತಮ್ಮ ಸ್ಕೂಟರು ತಂದರು. ರಸ್ತೆ ತೆರೆದಾಗಿತ್ತು, ಹತ್ತಿ ಚಾಲೂ ಮಾಡಿದರು. ಆದರೆ ನಮ್ಮ ಹೊಸ್ತಿಲಿನ ಹತ್ತಿರ ಬಂದು ರಂಗೋಲಿ ನೋಡಿ ಇಳಿದರು. ಇಂಜಿನ್ ಬಂದ್ ಮಾಡಿ, ಕಮಲದ ಒಂದು ಎಸಳಿಗೂ ತಾಗದಂತೆ ದೂರದಿಂದ ಬಳಸಿ ತಳ್ಳಿಕೊಂಡು ಹೊರಟರು. ಹಿಂದೆ ಮುಂದೆ ಒಂದು ಗಾಡಿಯೂ ಇರಲಿಲ್ಲ. ಆದರೂ ಬಲಕ್ಕೆ ತಿರುಗುವ ಮುಂಚೆ ಬಲಗೈ ಪೂರಾ ಚಾಚಿ ತೋರಿಸಿದರು. ಒಂದೇ ಕೈಯಲ್ಲಿ ಉಳಿದ ಸ್ಕೂಟರು ವಾಲಿಕೊಂಡು ಹೋಗಿ ಅವರದೇ ಅಂಗಡಿಯ ಹೊಸ್ತಿಲಿನ ಮೇಲೆ ಮಲಗಿತು.